ನೆರಳಿಲ್ಲದ ಮನೆಗಳು

ಊರು ಇನ್ನೂ ಬಂದಿರಲಿಲ್ಲ, ವಿಮಾನ ಆಗಲೇ ಬಂದು ನಿಂತಿತ್ತು.

ಬಾಡಿಗೆ ಮನೆಯ ಹಿತ್ತಲ ಬಾಗಿಲು ತೆಗೆದ ಮೊದಲ ಮುಂಜಾನೆ ನನಗೂ ಚಿಗವ್ವನಿಗೂ ಕಂಡದ್ದು ಇಷ್ಟು: ಕಣ್ಣು ಹೋದಷ್ಟು ದೂರ ಮರಳು, ನಡುವೆ ಒಂದು ತಂತಿಬೇಲಿ, ಬೇಲಿಯಾಚೆ ಒಂದರ ಮೇಲೊಂದು ರೆಕ್ಕೆ ಹೊತ್ತ ಸಣ್ಣ ವಿಮಾನ, ಆ ರೆಕ್ಕೆಯ ತುದಿಗೆ ಕುತ್ತಿಗೆ ತಿಕ್ಕುತ್ತ ನಿಂತ ಒಂದು ಒಂಟೆ. ಚಿಗವ್ವ ಸೆರಗು ಬಾಯಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ಯಪ್ಪಾ ಈರೂ, ಅದು ಯಾರ ಮನೀದೋ?”

“ಯಾವುದು? ಒಂಟಿಯೋ, ಇಮಾನೋ?”

“ಎರಡೂ. ಇಲ್ಲೆ ಮನೀನ ಇಲ್ಲಲ್ಲೋ!”

ಸರಿಯಾದ ಪ್ರಶ್ನೆ. ನಮ್ಮ ಕಡೆ ಊರು ಹುಟ್ಟುವುದಕ್ಕೆ ಒಂದು ಕ್ರಮವಿದೆ. ಮೊದಲು ಬಾವಿ, ಆಮೇಲೆ ಗುಡಿಯೋ ಮಸೂತಿಯೋ, ಆಮೇಲೆ ಸಂತೆ, ಓಣಿ, ಓಣಿಯೊಳಗೆ ಜಗಳ. ಎಲ್ಲ ಮುಗಿದ ಮೇಲೆ ಯಾವಾಗಲೋ ರೈಲು. ಹಳೇ ಹುಬ್ಬಳ್ಳಿ ಹಾಗೆ ಬೆಳೆದದ್ದು. ಇಲ್ಲಿ ಎಲ್ಲವೂ ತಲೆಕೆಳಗು. ಆಕಾಶದಿಂದ ಇಳಿಯುವ ಜಾಗ ಮೊದಲು ಸಿದ್ಧವಾಗಿದೆ. ಇಳಿದವರು ಕುಡಿಯುವ ನೀರು ಇನ್ನೂ ಒಂಟೆಯ ಬೆನ್ನ ಮೇಲೆ ಬರುತ್ತದೆ. ಹೀಗೆ ಬಾಲದ ಕಡೆಯಿಂದ ಹುಟ್ಟಿದ ಊರಿನ ಮೇಲೆ ಸಂಶಯಪಟ್ಟರೆ ಅದು ನನ್ನ ದೋಷವಲ್ಲ, ಊರಿನದು.

ಆದರೂ ನನ್ನ ಸ್ವಭಾವವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಧಾರವಾಡದ ಕಾಲೇಜಿನಲ್ಲಿ ನಾಲ್ಕು ವರ್ಷ ನಾನು ಪಾಠಕ್ಕಿಂತ ಹೆಚ್ಚಾಗಿ ಚರ್ಚಾಕೂಟದಲ್ಲಿ ಕೂತವನು. ಅಲ್ಲಿ ನಮಗೆ ಎರಡು ಮಾತು ಕಲಿಸಿದ್ದರು. ಎದುರಿನವನು ಏನು ಹೇಳಿದ ಎಂಬುದಕ್ಕಿಂತ, ಹಾಗೆ ಹೇಳಿದರೆ ಅವನಿಗೆ ಏನು ದಕ್ಕುತ್ತದೆ ಎಂದು ಕೇಳು. ಎರಡನೆಯದು, ನಿನ್ನ ಮನಸ್ಸು ಯಾವ ಪಕ್ಷದಲ್ಲಿದೆಯೋ ಅದರ ಎದುರು ಪಕ್ಷ ಹಿಡಿದು ಗೆಲ್ಲಲು ಬರಬೇಕು. ಮೊದಲನೆಯದನ್ನು ನಾನು ದಿನವೂ ಬಳಸುತ್ತೇನೆ. ಎರಡನೆಯದರ ಉಪಯೋಗ ಈ ಬರಹದ ಹೊತ್ತಿಗೆ ತಿಳಿದಿದೆ.

ಕರಾಚಿಯೂ ಧಾರವಾಡವೂ ಒಂದೇ ಮುಂಬಯಿ ಸರಕಾರದ ಕೆಳಗೆ ಇರುವುದರಿಂದ, ನಕಾಶೆಯ ಆ ತುದಿಯಲ್ಲಿ ಅರ್ಜಿ ಹಾಕಿದವನನ್ನು ಈ ತುದಿಗೆ ಎಸೆಯಲು ಸರಕಾರಕ್ಕೆ ಕಷ್ಟವೇನಿಲ್ಲ. ಬಂದರಿನ ಜಕಾತಿ ಕಚೇರಿಯಲ್ಲಿ ನನಗೆ ಕಾರಕೂನಿಕೆ ಸಿಕ್ಕಿತು. ಪಟ್ಟಣದೊಳಗೆ ಮನೆ ಸಿಗಲಿಲ್ಲ. ಪಟ್ಟಣದ ಹೊರಗೆ, ಮರಳುಗಾಡಿನ ಅಂಚಿಗೆ, ಒಂದು ಜಮೀನಿನ ಕಂಪನಿ ‘ಗುಲಶನ್‌ಪುರ’ ಎಂಬ ಹೊಸ ಬಡಾವಣೆ ತೆಗೆದಿತ್ತು; ಅಲ್ಲಿ ಎದ್ದಿದ್ದ ಒಂದೇ ಮನೆಸಾಲಿನಲ್ಲಿ ನಮಗೆ ಬಾಡಿಗೆ ಮನೆ ಸಿಕ್ಕಿತು. ಗುಲಶನ್ ಎಂದರೆ ಹೂದೋಟ. ಹೂವಂತೂ ಇರಲಿ, ಅಲ್ಲಿ ಹಸುರು ಎಂಬುದು ನಾನು ಕಂಡದ್ದು ಕಂಪನಿಯ ಬೋರ್ಡಿನ ಬಣ್ಣದಲ್ಲಿ ಮಾತ್ರ.

ಚಿಗವ್ವ ನನ್ನ ತಾಯಿಯ ತಂಗಿ. ತಾಯಿ ತೀರಿದ ಮೇಲೆ ನನ್ನನ್ನು ಬೆಳೆಸಿದವಳು. ತನ್ನ ಗಂಡನನ್ನೂ ಬೇಗ ಕಳಕೊಂಡವಳು. ‘ನೀ ಹ್ವಾದಲ್ಲಿ ನನ್ನ ಒಲಿ’ ಎಂದು ರೊಟ್ಟಿಯ ಹಂಚು ಕಟ್ಟಿಕೊಂಡು ನನ್ನ ಹಿಂದೆ ಹಡಗು ಹತ್ತಿದಳು. ಹಡಗಿನಲ್ಲಿ ಆಕೆಗೆ ವಾಂತಿಯಾದದ್ದು ಕಡಿಮೆ, ಮಾತಾಡಿದ್ದು ಹೆಚ್ಚು. ಇಲ್ಲಿಗೆ ಬಂದ ಮೇಲೆ ಆಕೆಯ ಮಾತು ನಿಂತಿತು. ನಾನು ಮುಂಜಾನೆ ಕಚೇರಿಗೆ ಹೋದರೆ ಬರುವುದು ಸಂಜೆ. ನಡುವೆ ಆಕೆಯ ಜತೆ ಕನ್ನಡದಲ್ಲಿ ಮಾತಾಡಲು ಒಂದು ಗುಬ್ಬಿಯೂ ಇರಲಿಲ್ಲ. ಹುಬ್ಬಳ್ಳಿಯ ಮನೆಯಲ್ಲಿ ಕಟ್ಟೆಗೆ ಬಂದು ಕೂತರೆ ಸಾಕು, ದಾರಿಯಲ್ಲಿ ಹೋಗುವವರೆಲ್ಲ ತಂದು ಸುರಿಯುತ್ತಿದ್ದರು. ಇಲ್ಲಿ ಕಟ್ಟೆಯಿದೆ, ದಾರಿಯಿಲ್ಲ. ಒಂದು ಸಂಜೆ ನಾನು ಬಂದಾಗ ಆಕೆ ಒಲೆಗೆ ಏನೋ ಹೇಳುತ್ತಿದ್ದಳು.

ಪಕ್ಕದ ಮನೆ ಪಾರಿಯದು. ಪಾರಿ ಸಿಂಧಿ ಹೆಂಗಸು, ಗಂಡ ರೈಲಿನಲ್ಲಿ ಗಾರ್ಡು, ಅರ್ಧ ತಿಂಗಳು ಊರಲ್ಲಿರುವುದಿಲ್ಲ. ಬಂದ ವಾರದಲ್ಲೇ ನಮ್ಮನ್ನು ಕರೆದಳು. ಚಾಪೆಯ ಮೇಲೆ ಕೂರಿಸಿ, ಸುಟ್ಟ ಹಪ್ಪಳ ಒಂದೊಂದು, ನೀರಿನ ಲೋಟ ಒಂದೊಂದು ಮುಂದಿಟ್ಟಳು. ಆಮೇಲೆ ಏನೂ ಬರಲಿಲ್ಲ. ನಾವಿಬ್ಬರೂ ಮುಖ ಮುಖ ನೋಡಿದೆವು. ಬಂದವರಿಗೆ ಮೊಟ್ಟಮೊದಲು ಹಪ್ಪಳ-ನೀರು ಕೊಡುವುದೇ ಇವರ ಮರ್ಯಾದೆ ಎಂದು ಆಮೇಲೆ ತಿಳಿಯಿತು. ಬಿಸಿಲಲ್ಲಿ ಬಂದವನಿಗೆ ಉಪ್ಪು, ಉಪ್ಪು ತಿಂದವನಿಗೆ ನೀರು.

ಹೊರಗೆ ಬಂದ ಮೇಲೆ ಚಿಗವ್ವ ಹೇಳಿದಳು: “ನಮ್ಮಲ್ಲಿ ಹಪ್ಪಳ ಊಟದ ಕಡೀಕ ಬರ್ತೈತಿ, ಇಲ್ಲೆ ಊಟಕ್ಕಿಂತ ಮೊದಲ ಬಂತು. ಊರೂ ತಿರುವುಮುರುವು, ಉಣ್ಣೂದೂ ತಿರುವುಮುರುವು.” ನಾಲ್ಕು ಹೆಜ್ಜೆ ನಡೆದು, “ಆದ್ರ ಹಪ್ಪಳ ಛಲೋ ಇತ್ತು. ಮೆಣಸು ಕುಟ್ಟಿ ಹಾಕ್ಯಾಳ,” ಎಂದಳು.

ಮರುವಾರ ಚಿಗವ್ವ ಉದ್ದಿನ ಹಿಟ್ಟು ನಾದಿದಳು. ಅದರ ವಾಸನೆಗೋ ಶಬ್ದಕ್ಕೋ ಪಾರಿ ಬಂದಳು. ಬಂದವಳು ತಾನೂ ಲಟ್ಟಣಿಗೆ ಹಿಡಿದಳು. ಆಕೆ ಈಕೆಯನ್ನು ‘ಅದೀ’ ಎನ್ನುತ್ತಾಳೆ, ಅಂದರೆ ಅಕ್ಕ. ಈಕೆ ಆಕೆಯನ್ನು ‘ಯವ್ವಾ ಪಾರೀ’ ಎನ್ನುತ್ತಾಳೆ. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಒಬ್ಬರನ್ನೊಬ್ಬರು ಬೈಯುತ್ತಾರೆ: ‘ದಪ್ಪ ಆತು’, ‘ಒಡೀತು’, ‘ಖಾರ ಎಲ್ಲೈತಿ’. ಇದಕ್ಕೆ ನಿಘಂಟು ಬೇಕಿಲ್ಲ. ನೋಡನೋಡುತ್ತ ಸಾಲುಮನೆಗಳ ನಾಲ್ಕಾರು ಹೆಂಗಸರು ಕೂಡಿದರು.

ಹಪ್ಪಳ, ಶಂಡಿಗೆ ಒಣಗಿಸಲು ಈ ನೆಲಕ್ಕಿಂತ ಒಳ್ಳೆಯದು ಜಗತ್ತಿನಲ್ಲಿ ಇರಲಾರದು. ಹುಬ್ಬಳ್ಳಿಯಲ್ಲಿ ಮಾಳಿಗೆಯೆಂಬ ಸಪಾಟು ಸೂರಿನ ಮೇಲೆ ಧೋತರ ಹಾಸಿ ಶಂಡಿಗೆ ಇಟ್ಟರೆ ಒಂದು ಕಣ್ಣು ಕಾಗೆಯ ಮೇಲೆ, ಒಂದು ಕಣ್ಣು ಮೋಡದ ಮೇಲೆ. ಧಾರವಾಡದ ಜಡಿಮಳೆಯಲ್ಲಂತೂ ಆ ಮಾತೇ ಬೇಡ. ಇಲ್ಲಿ ಮೋಡವಿಲ್ಲ. ಕಾಗೆಗೂ ಇಲ್ಲಿ ಬಂದು ಸಾಧಿಸುವುದು ಏನೂ ಇಲ್ಲ. ಮಧ್ಯಾಹ್ನ ಕಳೆದ ಮೇಲೆ ಸಮುದ್ರದ ಗಾಳಿ ಎದ್ದು ಮರಳು ಹಾರುತ್ತದೆ. ಅಷ್ಟರೊಳಗೆ ಎತ್ತಿಬಿಟ್ಟರೆ ಆಯಿತು. ನಮ್ಮ ಮನೆಗಳ ಮಗ್ಗುಲಿಗೆ ಒಂದು ಮರಳ ದಿಬ್ಬ. ಆ ದಿಬ್ಬದಾಚೆ, ಮನೆಗಳಿಗೂ ವಿಮಾನದ ಬಯಲಿಗೂ ಮರೆಯಾಗಿ, ಕಂಪನಿ ಗುರುತು ಹಾಕಿಟ್ಟ ಖಾಲಿ ನಿವೇಶನಗಳು. ನೆಲ ಗಟ್ಟಿ, ಸಪಾಟು. ನಾಲ್ಕು ಮೂಲೆಗೆ ಸುಣ್ಣ ಬಳಿದ ಕಲ್ಲು. ಹೆಂಗಸರು ಅಲ್ಲಿಗೆ ಹೋಗತೊಡಗಿದರು. ಚಿಗವ್ವ ಮತ್ತೆ ಮಾತಾಡತೊಡಗಿದಳು. ಆ ಸಂಜೆಗಳಲ್ಲಿ ನಾನು ಬಾಗಿಲಿಗೆ ಬಂದರೆ ಸಾಕು, ದಿಬ್ಬದಾಚೆಯ ಸಮಾಚಾರವೆಲ್ಲ ಸುರಿಯುತ್ತಿತ್ತು.

ಅಲ್ಲಿಯವರೆಗೆ ಸಂಶಯಕ್ಕೆ ಕಾರಣವಿರಲಿಲ್ಲ. ಆಮೇಲೆ ಹೋತಚಂದ ಬಂದ.

ಹೋತಚಂದ ಆ ಜಮೀನಿನ ಕಂಪನಿಯ ಏಜೆಂಟ. ಬಿಳಿ ಪಾಟಲೂನು, ಬಿಳಿ ಬೂಟು, ಎಣ್ಣೆ ಹಚ್ಚಿ ತಿರುವಿದ ಮೀಸೆ. ವಿಮಾನದ ಬಯಲಿನ ಒಂದು ಮೂಲೆಯಲ್ಲಿ ಅವನ ತಗಡಿನ ಆಫೀಸು. ಬಯಲು ಹಾರಾಟ ಕಲಿಸುವ ಒಂದು ಕ್ಲಬ್ಬಿನದು. ಎರಡು ವಿಮಾನ, ಒಂದು ತಗಡಿನ ಶೆಡ್ಡು, ಪೆಟ್ರೋಲಿನ ಡಬ್ಬಿಗಳು, ಗಾಳಿ ಯಾವ ಕಡೆಗೆಂದು ತೋರಿಸಲು ಕಂಬಕ್ಕೆ ಕಟ್ಟಿದ ಉದ್ದನೆಯ ಚೀಲ. ಇಷ್ಟೇ ಅದರ ಆಸ್ತಿ. ಭಾನುವಾರ ಅದರಲ್ಲೊಂದು ವಿಮಾನವನ್ನು ಹೋತಚಂದ ಬಾಡಿಗೆಗೆ ಹಿಡಿದು, ನಿವೇಶನ ಕೊಳ್ಳಬಂದವರನ್ನು ಮೇಲೆ ಸುತ್ತಿಸಿ ತರುತ್ತಿದ್ದ.

ಅವನು ಒಂದು ದಿನ ಮಾಂಜರಪಾಟಿನ ಥಾನುಗಳನ್ನು ಗಾಡಿಯಲ್ಲಿ ಹಾಕಿಕೊಂಡು ಹೆಂಗಸರ ಬಳಿ ಬಂದನಂತೆ. ಹೊಚ್ಚ ಹೊಸ ಬಿಳಿ ಬಟ್ಟೆ. ಅಗಲಕ್ಕೆ ಅಗಲ ಕೂಡಿಸಿ ಹೊಲಿಸಿಯೇ ತಂದಿದ್ದ. ಒಂದೊಂದು ನಮ್ಮ ಪಡಸಾಲೆಯಷ್ಟು. ‘ತಾಯಂದಿರೇ, ಹಳೆಯ ಧೋತರದ ಮೇಲೆ ಯಾಕೆ? ಕಂಪನಿಯ ಕಾಣಿಕೆ’ ಎಂದನಂತೆ. ಷರತ್ತು ಎರಡೇ. ಒಂದು ನಿವೇಶನಕ್ಕೆ ಒಂದೇ ಹಾಸಬೇಕು, ಕಲ್ಲಿಗೆ ಕಲ್ಲು ಸರಿಯಾಗಿ, ನಡುವೆ ದಾರಿ ಬಿಟ್ಟು. ಮತ್ತೆ, ಭಾನುವಾರ ಹಪ್ಪಳವಿರಲಿ ಇಲ್ಲದಿರಲಿ, ಎಲ್ಲವನ್ನೂ ಹಾಸಬೇಕು. ಬಿಸಿಲಿಗೆ ಬಟ್ಟೆ ಶುದ್ಧವಾಗುತ್ತದೆ.

“ಎಷ್ಟ ಛಲೋ ಮನಷ್ಯಾನೋ,” ಎಂದಳು ಚಿಗವ್ವ.

“ಚಿಗವ್ವಾ, ಹಪ್ಪಳ ಇಲ್ಲದಾಗ ಬರೇ ಬಟ್ಟಿ ಯಾಕ ಹಾಸಬೇಕು?”

“ಹೇಳಲಿಲ್ಲೇನು, ಬಿಸಲಿಗೆ.”

“ಬಿಸಲು ಸೋಮವಾರ ಇರೂದಿಲ್ಲೇನು?”

“ನಿನಗ ದೇವರು ಬಂದು ಪ್ರಸಾದಾ ಕೊಟ್ರೂ, ಇದರಾಗ ಏನ ಕಲಸಿದಿ ಅಂತ ಕೇಳ್ತಿ,” ಎಂದು ಆಕೆ ಎದ್ದು ಹೋದಳು.

ಕೇಳಬೇಕಾದದ್ದೇ. ನಾನು ರಾತ್ರಿಯ ಊಟದ ಮೇಲೆ ಕಾರಣಗಳನ್ನು ಒಂದೊಂದಾಗಿ ನಿಲ್ಲಿಸಿ ಕೆಡವಿದೆ. ಹಪ್ಪಳ ಮಾರುವ ಉದ್ದೇಶವೇ? ಅವನು ಬಂದಾಗಲೆಲ್ಲ ನಾಲ್ಕು ತಿಂದು ಹೋಗುತ್ತಿದ್ದ, ಒಯ್ದರೂ ತನ್ನ ಬಾಯಿಗಾಗುವಷ್ಟೇ. ಜಾಗ ತನ್ನದೆಂದು ಕಬ್ಜಾ ತೋರಿಸಲೇ? ಮೊದಲು ಅಲ್ಲಿ ಮೇಕೆ ಮೇಯಿಸುತ್ತಿದ್ದವರು ತಕರಾರು ತೆಗೆದರೆ, ‘ನೋಡಿ, ನಮ್ಮ ಹೆಂಗಸರು ದಿನವೂ ಇಲ್ಲೇ ಇದ್ದಾರೆ’ ಎನ್ನಬಹುದಲ್ಲ. ಇದು ನನಗೆ ಬಹಳ ಗಟ್ಟಿ ಕಾರಣವೆನಿಸಿತು. ಗಟ್ಟಿ ಕಾರಣ ಸಿಕ್ಕ ಹುರುಪಿನಲ್ಲಿ ನೇರವಾಗಿ ಅವನ ಆಫೀಸಿಗೆ ಹೋದೆ. ಅವನ ಹಿಂದೂಸ್ತಾನಿಯನ್ನು ಇಲ್ಲಿ ನಮ್ಮ ಮಾತಿಗೆ ಇಳಿಸಿ ಬರೆಯುತ್ತೇನೆ.

“ಬಟ್ಟೆ ಪುಕ್ಕಟೆ ಯಾಕೆ ಕೊಟ್ಟಿರಿ?” ಎಂದೆ.

“ಸಾಯೀಂ,” ಎಂದ. ಇದು ಇಲ್ಲಿಯವರ ‘ಸ್ವಾಮಿ’. “ನಿಮ್ಮ ಊರಲ್ಲಿ ಯಾರೂ ಯಾರಿಗೂ ಪುಕ್ಕಟೆ ಏನೂ ಕೊಡುವುದಿಲ್ಲವೇ?”

“ಕೊಡುತ್ತಾರೆ. ಕೊಟ್ಟ ಮೇಲೆ ಎಲ್ಲಿ ಹಾಸಬೇಕು, ಯಾವ ವಾರ ಹಾಸಬೇಕು ಎಂದು ಹೇಳುವುದಿಲ್ಲ.”

ಅವನು ಮೀಸೆಯಡಿಯಲ್ಲಿ ನಕ್ಕ. “ನಿಮಗೆ ಹೆಂಡತಿ ಇದ್ದಾಳೆಯೇ?”

“ಇಲ್ಲ.”

“ಅದಕ್ಕೇ. ಇದ್ದಿದ್ದರೆ ಹೇಳುತ್ತಿದ್ದಳು, ಮನೆಗೆ ಬಟ್ಟೆ ಬಂದರೆ ಯಾಕೆ ಬಂತೆಂದು ಕೇಳಬಾರದು,” ಎಂದು ನನ್ನ ಮುಂದೆ ಸುಟ್ಟ ಹಪ್ಪಳ ಒಂದು, ನೀರಿನ ಲೋಟ ಒಂದು ಇಟ್ಟ. ಹಪ್ಪಳ ನಮ್ಮ ಮನೆಯದೇ. ಉತ್ತರವಲ್ಲದ ಉತ್ತರ ಕೊಟ್ಟು ಕೈ ತುಂಬಿಸಿ ಕಳಿಸುವ ಈ ಕಲೆ ನಮ್ಮ ಚರ್ಚಾಕೂಟದಲ್ಲಿ ಯಾರಿಗೂ ಇರಲಿಲ್ಲ.

ಹೊರಗೆ ಬರುವಾಗ ಇನ್ನೊಂದು ಮಾತು ಕಿವಿಗೆ ಬಿತ್ತು. ವಿಮಾನ ಹಾರಿಸುವ ಹುಡುಗ ಶೆಡ್ಡಿನ ನೆರಳಲ್ಲಿ ನಿಂತು ಗೊಣಗುತ್ತಿದ್ದ: “ಈ ಭಾನುವಾರವೂ ನಡುಮಧ್ಯಾಹ್ನವೇ? ಆ ಉರಿಯಲ್ಲಿ ಗಾಳಿ ಕುದುರೆಯ ಹಾಗೆ ಎಗರುತ್ತದೆ. ಮುಂಜಾನೆ ಹಾರಿಸಿದರೆ ನಿಮ್ಮ ಗಿರಾಕಿ ವಾಂತಿಯಾದರೂ ಮಾಡುವುದಿಲ್ಲ.” ಹೋತಚಂದ, “ಗಿರಾಕಿ ಏಳುವುದೇ ತಡ,” ಎಂದ. ಕೊಳ್ಳುವ ವ್ಯಾಪಾರಸ್ಥ ತಡವಾಗಿ ಏಳುತ್ತಾನೆಯೇ? ನನ್ನ ಸೋದರಮಾವ ಕೋಳಿಗಿಂತ ಮೊದಲು ಏಳುತ್ತಾನೆ. ಇದನ್ನೂ ಮನಸ್ಸಿನಲ್ಲಿ ಗಂಟು ಹಾಕಿಟ್ಟೆ. ಬಿಚ್ಚಿದ್ದು ಆ ಸೋದರಮಾವನೇ.

ಚನ್ನಬಸಪ್ಪ ಮಾವ ಚಿಗವ್ವನ ಅಣ್ಣ, ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರಸ್ಥ. ಸಿಂಧೂ ನದಿಗೆ ಒಡ್ಡು ಕಟ್ಟಿದ ಮೇಲೆ ಇಲ್ಲಿ ಹತ್ತಿ ಹೆಚ್ಚಿದೆ, ಬಂದರು ಇದೆ, ಒಂದು ವ್ಯಾಪಾರದ ಪೇಢಿ ಹಾಕಬಾರದೇಕೆ ಎಂಬ ಯೋಚನೆ ಅವನಿಗೆ. ಗುಲಶನ್‌ಪುರದಲ್ಲಿ ಎರಡು ನಿವೇಶನ ಹಿಡಿದು, ಒಂದರಲ್ಲಿ ತಾನು, ಒಂದರಲ್ಲಿ ನಾವು, ನಡುವೆ ಗೋಡೆಯಿಲ್ಲದ ಹಿತ್ತಲು ಎಂದು ಹೇಳಿ ಕಳಿಸಿದ್ದ. ಆ ಸುದ್ದಿ ಬಂದ ದಿನದಿಂದ ಚಿಗವ್ವ ಮನೆಯಲ್ಲಿ ನಡೆಯಲಿಲ್ಲ, ಹಾರಿದಳು. ವೈನಿ, ಅಂದರೆ ಅತ್ತಿಗೆ, ಬರುತ್ತಾಳೆ, ಮಕ್ಕಳು ಬರುತ್ತಾರೆ, ಬಾಯಿತುಂಬ ಜಗಳಾಡಲು ಜನ ಸಿಗುತ್ತಾರೆ! ಪಾರಿಗೆ ಅದನ್ನು ಕೈಸನ್ನೆಯಲ್ಲಿ ಹೇಳಿದ್ದನ್ನು ನಾನು ನೋಡಿದೆ: ಎರಡು ಕೈಯಿಂದ ಎರಡು ಮನೆ ಕಟ್ಟಿ, ಒಂದಕ್ಕೊಂದು ತಾಗಿಸಿ ತೋರಿಸಿದಳು.

ಮಾವ ಶನಿವಾರ ಕತ್ತಲಾಗುವ ಹೊತ್ತಿಗೆ ಬಂದಿಳಿದ. ಪೇಢೆ, ಶೇಂಗಾದ ಹಿಂಡಿ, ಒಂದು ಚೀಲ ಬಿಳಿಜೋಳದ ಹಿಟ್ಟು. ಇಲ್ಲಿಯ ಜೋಳದ ಹಿಟ್ಟು ಬಡಿದರೆ ಬಿರಿಯುತ್ತದೆ ಎಂದು ಚಿಗವ್ವ ಅತ್ತಿದ್ದು ಅವನಿಗೆ ಯಾರೋ ಹೇಳಿದ್ದರು. ಭಾನುವಾರ ಮುಂಜಾನೆಯೇ ಹೋತಚಂದನ ಮೋಟಾರು ಬಂದು ಅವನನ್ನು ಒಯ್ದಿತು. ದಿಬ್ಬದ ಕಡೆಯಿಂದ ಅಲ್ಲ, ಇನ್ನೊಂದು ಮಗ್ಗುಲಿನ ಬೇಲಿಯ ದಾರಿಯಿಂದ. ಕಂಪನಿಯ ನಕಾಶೆ, ಚಹಾ, ಮಾತು ಎಂದು ಅವನನ್ನು ಆಫೀಸಿನಲ್ಲಿ ನಡುಮಧ್ಯಾಹ್ನದವರೆಗೆ ಕೂರಿಸಿದರು. ಚಿಗವ್ವ, ಪಾರಿ, ಉಳಿದ ಹೆಂಗಸರು ಎಂದಿನಂತೆ ಬಟ್ಟೆ ಹಾಸಿ ಬಂದಿದ್ದರು. ಅಣ್ಣ ಹಾರುವುದನ್ನು ನೋಡಬೇಕೆಂದು ಚಿಗವ್ವ ನನ್ನ ಜತೆ ಶೆಡ್ಡಿಗೆ ಬಂದಳು.

ಮಾವನ ರುಮಾಲು ಹಾರಿಹೋಗದಂತೆ ಗದ್ದಕ್ಕೆ ಟವೆಲು ಕಟ್ಟಿದರು. ಕಣ್ಣಿಗೆ ದೊಡ್ಡ ಕನ್ನಡಕ. ಅವನು ಹಾರಿಸುವ ಹುಡುಗನನ್ನು ಕೇಳಿದ: “ತಮ್ಮಾ, ಇದಕ್ಕ ಲಗಾಮು ಎಲ್ಲೈತಿ?” ಹುಡುಗ ತಿಳಿಯದೆ ನಕ್ಕ. ಮಾವನೂ ನಕ್ಕ. ಚಿಗವ್ವ ವಿಮಾನಕ್ಕೆ ಒಂದು ಕಾಯಿ ಒಡೆಸಬೇಕೆಂದಳು. ಕಾಯಿ ಇಲ್ಲದ್ದರಿಂದ ಒಂದು ಚಿಟಿಕೆ ಸಕ್ಕರೆಯನ್ನು ಅದರ ಗಾಲಿಗೆ ಹಾಕಿ ಕೈಮುಗಿದಳು.

ಇಳಿದಾಗ ಮಾವನ ಮುಖ ಬೇರೆಯೇ ಆಗಿತ್ತು.

“ಲೇ ಈರ್ಯಾ! ಏನ್ ಊರಲೇ ಇದು! ಸಾಲಿಗೆ ಸಾಲು ಬಿಳೀ ಮಾಳಿಗಿ. ನಡುವ ದಾರಿ, ಗೆರಿ ಹೊಡದಂಗ. ನಮ್ಮ ಹಳೇ ಹುಬ್ಬಳ್ಳಿಗೆ ಇಂಥಾ ಒಂದು ಓಣಿ ಇಲ್ಲ. ಇಷ್ಟು ಮಂದಿ ಬಂದು ಮನಿ ಕಟ್ಟ್ಯಾರಂದ್ರ, ಅವರೆಲ್ಲಾ ಹುಚ್ಚರೇನು?”

ನನ್ನೊಳಗಿನ ಗಂಟು ಆ ಕ್ಷಣದಲ್ಲಿ ಬಿಚ್ಚಿತು. ಭಾನುವಾರ. ನಡುಮಧ್ಯಾಹ್ನ. ನಿವೇಶನಕ್ಕೊಂದು ಬಟ್ಟೆ, ಕಲ್ಲಿಗೆ ಕಲ್ಲು ಸರಿಯಾಗಿ.

“ಮಾವಾ, ಇಲ್ಲೆ ಇರೂ ಮನಿ ಹತ್ತೂ ಇಲ್ಲ. ನೀ ನೋಡಿದ್ದು ಮಾಳಿಗಿ ಅಲ್ಲ, ಶಂಡಿಗಿ ಹಾಸೋ ಬಟ್ಟಿ.”

“ನಿನ್ನ ತಲಿ! ನಾ ಕಣ್ಣಾರೆ ನೋಡೇನಿ.”

“ಮ್ಯಾಲಿಂದ ನೋಡಿದಿ. ಬಾ, ಆ ದಿಬ್ಬಾ ಹತ್ತಿ ಇಳಿಯೂಣು, ಕಾಲಿಲೆ ನೋಡೂಣು.”

“ಮ್ಯಾಲಿಂದ ಪೂರಾ ಊರು ನೋಡಿ ಬಂದಾಂವಗ ಕೆಳಗ ನಿಂತಾಂವಾ ದಾರಿ ತೋರಸ್ತಾನಂತ!” ಎಂದು ಅವನು ಹೋತಚಂದನ ಕಡೆ ತಿರುಗಿ ನಕ್ಕ. ಕನ್ನಡ ತಿಳಿಯದ ಹೋತಚಂದ ಸರಿಯಾದ ಜಾಗದಲ್ಲೇ ನಕ್ಕ.

ನನಗೆ ಸಿಟ್ಟು ಬಂತು. ಹತ್ತಿಯ ಪೇಟೆಯಲ್ಲಿ ಮಾವನ ಹೆಸರು ಯಾತಕ್ಕೆ ಎಂದು ಹುಬ್ಬಳ್ಳಿಯವರಿಗೆ ಹೇಳಬೇಕಿಲ್ಲ. ಹತ್ತಿಯ ಮೂಟೆ, ಅಂದರೆ ಅಂಡಿಗೆ, ಬಂತೆಂದರೆ ಮೇಲಿನ ಹತ್ತಿಯನ್ನು ಅವನು ಕಣ್ಣೆತ್ತಿ ನೋಡುವುದಿಲ್ಲ. ಮೇಲೆ ಎಲ್ಲರೂ ಬೆಳ್ಳನೆಯದನ್ನೇ ಇಟ್ಟಿರುತ್ತಾರೆ. ತೋಳು ಮೊಣಕೈಯವರೆಗೆ ಒಳಗೆ ತೂರಿಸಿ, ಹೊಟ್ಟೆಯೊಳಗಿನ ಒಂದು ಹಿಡಿ ಕಿತ್ತು, ಬೆಳಕಿಗೆ ಹಿಡಿದು ನೋಡಿ ಆಮೇಲೆ ಮಾತು.

“ಮಾವಾ, ಅಂಡಿಗಿ ಹೊಟ್ಟಿಗೆ ಕೈ ಹಾಕದ ನೀ ಯಾವಾಗಾರ ಹತ್ತಿ ತಗೊಂಡೀಯೇನು? ಇವತ್ತ ಮ್ಯಾಲಿನ ಹತ್ತಿ ನೋಡಿ ವ್ಯಾಪಾರ ಮಾಡಾಕತ್ತಿ.”

ಮಾವನ ನಗೆ ಹೋಯಿತು. “ನನಗ ಹತ್ತಿ ಕಲಸ್ತೀಯೇನಲೇ? ನಿನಗ ಎಲ್ಲಾದ್ರಾಗೂ ಮೋಸಾನ ಕಾಣತೈತಿ. ಕಾಲೇಜಿನ್ಯಾಗ ಕಪ್ಪು ಗೆದ್ದದ್ದು ಇದಕ್ಕೇನು? ಅಕ್ಕ ಒಬ್ಬಾಕಿ ಸತ್ತಳು, ತಂಗಿ ಇಲ್ಲೆ ಒಂಟಿ ಒಣಗಾಕತ್ತಾಳ. ಆಕೀ ಸಲವಾಗಿ ಬರ್ತೇನಿ ಅಂದ್ರ ನೀ ವಾದಾ ಮಾಡ್ತಿ.”

ನನಗೂ ಅವನು ಬರುವುದೇ ಬೇಕಾಗಿತ್ತಲ್ಲ.

ಹೋತಚಂದ ನಮ್ಮ ಮುಖಗಳನ್ನು ಓದಿದ. “ಸೇಠ್, ಇನ್ನೊಂದು ಸುತ್ತು ಹೋಗಿ. ನಿಮ್ಮ ನಿವೇಶನವನ್ನು ಮೇಲಿಂದಲೇ ಆರಿಸಿ ಬನ್ನಿ,” ಎಂದ. ಮಾವ ಹೆಗಲ ಮೇಲಿನ ವಸ್ತ್ರ ಜಾಡಿಸಿದ. ನಮ್ಮ ಪೇಟೆಯಲ್ಲಿ ವ್ಯಾಪಾರ ಕುದುರಿದರೆ ಇಬ್ಬರ ಕೈ ಆ ವಸ್ತ್ರದ ಕೆಳಗೆ ಹೋಗುತ್ತದೆ, ಬೆರಳು ಮಾತಾಡುತ್ತದೆ. “ಇಳದು ಬಂದು ಕೈ ಕೊಡ್ತೇನಿ,” ಎಂದು ಹೋತಚಂದನಿಗೆ ಸನ್ನೆ ಮಾಡಿ ತೋರಿಸಿದ. ಮಾವನ ಕೈ ಒಮ್ಮೆ ವಸ್ತ್ರದ ಕೆಳಗೆ ಹೋಗಿ ಬಂದರೆ ಆ ಮಾತನ್ನು ಅವನು ತಿರುಗಿಸಿದವನಲ್ಲ.

ಚಿಗವ್ವ ನನ್ನ ತೋಳು ಹಿಡಿದು ಶೆಡ್ಡಿನ ಹಿಂದಕ್ಕೆ ಎಳೆದಳು.

“ಅಣ್ಣಾ ಮಾಳಿಗಿ ಅಂದದ್ದು ನಾವ ಹಾಸಿದ ಬಟ್ಟೀನೇನು?”

“ಹೌದು.”

“ಖರೇನ?”

“ಖರೇ.”

“ಅದಕ್ಕ ಕೊಟ್ಟಿದ್ದನೇನು ಅಂವಾ?” ಆಕೆ ಸ್ವಲ್ಪ ಹೊತ್ತು ಗಾಳಿಯ ಚೀಲವನ್ನು ನೋಡಿದಳು. ಅದು ಇನ್ನೂ ಜೋತುಬಿದ್ದಿತ್ತು. “ಅಂವಾ ಬಂದಿದ್ರ ನನಗ ಮಾತಾಡಾಕ ಮಂದಿ ಆಗ್ತಿದ್ರು,” ಎಂದಳು. ‘ಬಂದಿದ್ರ’ ಎಂದದ್ದನ್ನು ನಾನು ಗಮನಿಸಲಿಲ್ಲ. ಆಕೆ ಸೆರಗು ನಡುವಿಗೆ ಸಿಕ್ಕಿಸಿಕೊಂಡು ದಿಬ್ಬದ ಕಡೆ ನಡೆದಳು. ಅಳಲಿಕ್ಕೆ ಮನೆಗೆ ಹೋದಳೆಂದು ತಿಳಿದೆ. ಸಂಶಯ ಪಡುವವನಿಗೆ ಪಕ್ಕದಲ್ಲಿದ್ದದ್ದು ಕಾಣುವುದಿಲ್ಲ ಎಂದು ಯಾರಾದರೂ ವಾದಿಸಿದರೆ ಒಪ್ಪುತ್ತೇನೆ.

ಇಂಜಿನ್ನು ಒಮ್ಮೆ ಕೆಮ್ಮಿ ನಿಂತು, ಎರಡನೆಯ ಸಲಕ್ಕೂ ನಿಂತು, ಕಡೆಗೆ ಹಿಡಿಯಿತು. ವಿಮಾನ ಮೇಲೆ ಹೋಯಿತು. ನಾನೂ ಹೋತಚಂದನೂ ಕೆಳಗೆ ನಿಂತೆವು. ಅದು ದಿಬ್ಬದಾಚೆ ಒಂದು ಸುತ್ತು ಹಾಕಿತು. ಇನ್ನೊಂದು ಹಾಕಿತು. ಮೂರನೆಯ ಸುತ್ತಿಗೆ ಬಹಳ ಕೆಳಗಿಳಿದಾಗ ಹೋತಚಂದ ಸಿಗರೇಟು ಬಾಯಿಂದ ತೆಗೆದ.

ವಿಮಾನ ಇಳಿದು ನಿಂತರೂ ಮಾವ ಇಳಿಯಲಿಲ್ಲ. ಕೂತಲ್ಲೇ ಕೂತು, ಗದ್ದದ ಟವೆಲು ಬಿಚ್ಚಿ, ಮುಖ ಒರೆಸಿ, ಕೊನೆಗೆ ಕಾಲು ಕೆಳಗಿಟ್ಟ.

“ಈರೂ,” ಎಂದ. ಧ್ವನಿ ಸಣ್ಣದಾಗಿತ್ತು. “ನಾ ಮನಿ ಬಿದ್ದದ್ದು ನೋಡೇನಿ. ಸುಟ್ಟದ್ದು ನೋಡೇನಿ. ಹರಾಜಿಗೆ ಹ್ವಾದದ್ದೂ ನೋಡೇನಿ. ಇವತ್ತ ಮ್ಯಾಲಿಂದ ನೋಡ್ತೇನಿ, ಒಬ್ಬಾಕಿ ಬಂದು ಮನೀದು ಈ ಮೂಲಿ ಹಿಡದ್ಲು, ಇನ್ನೊಬ್ಬಾಕಿ ಆ ಮೂಲಿ ಹಿಡದ್ಲು. ಜಾಡಿಸಿದ್ರು. ಮಡಚಿದ್ರು. ಕಂಕಳಾಗ ಇಟ್ಕೊಂಡು ಬಾಜೂ ಮನೀಗೆ ನಡದ್ರು. ಅದನ್ನೂ ಮಡಚಿದ್ರು. ನಾ ಎರಡ ಸುತ್ತು ಬರೂದ್ರಾಗ ಓಣೀನ ಇಲ್ಲ!”

ಗೆದ್ದ ಪಕ್ಷ ಸುಮ್ಮನಿರಬೇಕೆಂಬ ಶಿಸ್ತು ಒಂದಿದೆ.

“ಮದಲ ಮನಿ ಮಡಚಿದಾಕಿ ಯಾರ ಅಂತ ಗೊತ್ತೈತೇನು?” ಎಂದ ಮಾವ. “ತಲಿ ಮ್ಯಾಲೆತ್ತಿ ನನಗ ಕೈ ಮಾಡಿದ್ಲು.” ಆಮೇಲೆ ಹೆಗಲ ವಸ್ತ್ರವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, ಬಿಕ್ಕಿ ಬಿಕ್ಕಿ ನಗತೊಡಗಿದ. ನಗುತ್ತ ಕಣ್ಣೊರೆಸಿದ. ಅದು ಯಾವುದರ ನೀರೆಂದು ನಾನು ವಿಚಾರಿಸಲಿಲ್ಲ.

ಹೋತಚಂದನಿಗೆ ನಾಚಿಕೆಯಾಗುತ್ತದೆಂದು ನೀವು ತಿಳಿದಿದ್ದರೆ ಅವನನ್ನು ನೀವು ಅರಿತಿಲ್ಲ. ಮಾವ ಆಚೆ ಹೋದ ಮೇಲೆ ನನ್ನ ಮುಂದೆ ನಿಂತು ಕೇಳಿದ: “ಸಾಯೀಂ, ನಾನು ಅದನ್ನು ಮನೆ ಎಂದು ಹೇಳಿದೆನೇ?”

ಹೇಳಿರಲಿಲ್ಲ. ಮಾವನೇ ಹೇಳಿದ್ದು.

“ಆ ಜಾಗದಲ್ಲಿ ನಾಲ್ಕು ವರ್ಷಕ್ಕೆ ಮನೆ ಏಳುವುದಿಲ್ಲವೆಂದು ನೀವು ಬರೆದುಕೊಡುತ್ತೀರಾ? ನಾನು ನಾಳೆಯನ್ನು ಸ್ವಲ್ಪ ಮೊದಲು ತೋರಿಸಿದೆ. ಬೀಜ ಮಾರುವವನು ಚೀಟಿಯ ಮೇಲೆ ಹೂವಿನ ಚಿತ್ರ ಹಾಕಿದರೆ ನೀವು ಪೊಲೀಸಿಗೆ ಹೋಗುತ್ತೀರಾ?”

ನಾನು ಉತ್ತರ ಕೊಟ್ಟೆ. ಚಿತ್ರವೆಂದು ಗೊತ್ತಿರುವ ಚಿತ್ರ ಬೇರೆ, ಕಿಟಕಿಯೆಂದು ತೋರಿಸಿದ ಚಿತ್ರ ಬೇರೆ ಎಂದೆ. ಒಳ್ಳೆಯ ಉತ್ತರವೇ. ಆದರೆ ಅಂದಿನಿಂದ ನಾಲ್ಕು ಕಡೆ ಅಡಿಪಾಯ ತೋಡಿದ್ದಾರೆ, ಚಿಗವ್ವ ಶಂಡಿಗೆ ಹಾಕುತ್ತಿದ್ದ ಜಾಗದಲ್ಲೇ ಒಂದು ಖರೇ ಗೋಡೆ ನನ್ನ ಎದೆಯ ಮಟ್ಟಕ್ಕೆ ಎದ್ದಿದೆ. ಅದರ ಪಕ್ಕ ಹಾದು ಹೋಗುವಾಗ ನನ್ನ ಉತ್ತರ ಅಷ್ಟು ಒಳ್ಳೆಯದೆನಿಸುವುದಿಲ್ಲ. ಈ ಊರು ಸುಳ್ಳೆಂದು ನಾನು ಹೇಳಲಾರೆ. ಸುಳ್ಳು ಹೇಳುತ್ತ ಹೇಳುತ್ತಲೇ ಖರೆಯಾಗುತ್ತಿರುವ ಊರು ಇದು.

ಮಾವ ಮುಂದಿನ ಹಡಗಿಗೆ ಹೊರಟ. ಹೊರಡುವಾಗ ತಂಗಿಗೆ ಹೇಳಿದ: “ಗಂಗವ್ವಾ, ಗಂಟು ಕಟ್ಟು. ನನ್ನ ಜೋಡಿ ಬಾ. ಈ ಉಸುಕಿನ್ಯಾಗ ಯಾರದಾರ ನಿನಗ?”

ಆಕೆ ಒಳಗೆ ಹೋದಳು. ಗಂಟು ಕಟ್ಟಲು ಹೋದಳೆಂದೇ ನಾನು ನಂಬಿದ್ದೆ. ಹೊರಗೆ ಬಂದಾಗ ಕೈಯಲ್ಲಿ ಹಪ್ಪಳದ ಡಬ್ಬಿ. “ವೈನಿಗೆ ಕೊಡು. ಮೆಣಸಿಂದು ಪಾರೀದು, ಜೀರಗಿದು ನಂದು. ನಾಳಿನ ಶಂಡಿಗಿಗೆ ಅಂತ ಇಬ್ಬರೂ ಕೂಡಿ ಉದ್ದು ನೆನಿ ಹಾಕೇವಿ ಅಣ್ಣಾ, ಹೆಂಗ ಬರ್ಲಿ?” ಎಂದಳು. ಉದ್ದು ನೆನೆ ಹಾಕಿರಲಿಲ್ಲ. ನಾನು ಅಡಿಗೆಮನೆ ನೋಡಿದ್ದೆ. ಅವಳ ಮಟ್ಟಿಗೆ ಇದೊಂದು ಸುಳ್ಳನ್ನು ನಾನು ಪ್ರಶ್ನಿಸಲಿಲ್ಲ.

ಹೋತಚಂದ ಬಟ್ಟೆಗಳನ್ನು ವಾಪಸು ಒಯ್ದ. ಖಾಲಿ ನಿವೇಶನಗಳಲ್ಲಿ ಕಾಲಿಡಬಾರದೆಂದು ಕಾವಲುಗಾರನನ್ನು ಇಟ್ಟ. ಹೆಂಗಸರು ಈಗ ಅವರವರ ಮಾಳಿಗೆಯ ಮೇಲೆ, ಅವರವರ ಹಳೆಯ ಬಟ್ಟೆಯ ಮೇಲೆ ಹಾಕುತ್ತಾರೆ. ಮಾಳಿಗೆಯಿಂದ ಮಾಳಿಗೆಗೆ ಕೂಗಿ ಮಾತಾಡುತ್ತಾರೆ. ಹೊಸ ಬಟ್ಟೆ ಹೋಯಿತೆಂದು ಪಾರಿ ಚಿಗವ್ವನೊಂದಿಗೆ ಸ್ವಲ್ಪ ದಿನ ಮುನಿಸಿಕೊಂಡಿದ್ದಳು. ಕೂಗಿ ಜಗಳಾಡಿದಳು, ಸಿಂಧಿಯಲ್ಲಿ. ಈಕೆ ಕನ್ನಡದಲ್ಲಿ ತಿರುಗಿ ಕೂಗಿದಳು. ಬಾಯಿತುಂಬ ಜಗಳಾಡಲು ಜನ ಬೇಕೆಂದವಳಿಗೆ ಅದೂ ದಕ್ಕಿತು.

ಈ ಎಲ್ಲವನ್ನೂ ಈಗ ಬರೆಯಲು ಕಾರಣವಿದೆ. ಹೋತಚಂದ ಕೂಲಿಯವರಿಂದ ಮತ್ತೆ ಬಟ್ಟೆ ಹಾಸಿಸಿ, ವಿಮಾನದಿಂದ ಫೋಟೋ ತೆಗೆಸಿದ್ದಾನೆ. ಆ ಫೋಟೋಗಳನ್ನು ಹಿಡಿದು ಪುಣೆ, ಬೆಳಗಾವಿ, ಹುಬ್ಬಳ್ಳಿಗೆ ಬರಲಿದ್ದಾನೆ. ನಯವಾದ ಮನುಷ್ಯ, ನಿಮ್ಮ ಮುಂದೆ ಹಪ್ಪಳವನ್ನೂ ಇಟ್ಟಾನು. ಫೋಟೋ ಕೈಗೆ ಬಂದರೆ ಬಿಳಿಯ ಚೌಕಗಳನ್ನು ಎಣಿಸಬೇಡಿ. ನೆರಳು ಹುಡುಕಿ. ಗೋಡೆಯ ಮೇಲೆ ನಿಂತ ಮಾಳಿಗೆಗೆ ಒಂದು ಮಗ್ಗುಲಿಗೆ ಗೆರೆಯಷ್ಟಾದರೂ ನೆರಳು ಬೀಳಲೇಬೇಕು; ನೆಲಕ್ಕೆ ಹಾಸಿದ ಬಟ್ಟೆಗೆ ಬೀಳುವುದಿಲ್ಲ. ಅವನು ನಡುಮಧ್ಯಾಹ್ನವೇ ಹಾರಿಸುತ್ತಿದ್ದದ್ದು ಅದಕ್ಕೇ: ಆ ಹೊತ್ತಿಗೆ ಖರೇ ಮನೆಯ ನೆರಳೂ ಗಿಡ್ಡ, ಇಲ್ಲದ ನೆರಳನ್ನು ಯಾರೂ ಹುಡುಕುವುದಿಲ್ಲ.

ಇಷ್ಟನ್ನು ಬರೆದು ಚಿಗವ್ವನಿಗೆ ಓದಿ ಹೇಳಿದೆ. ಆಕೆ ರೊಟ್ಟಿ ಬಡಿಯುತ್ತ ಕೇಳಿದಳು, ಮಾವ ತಂದ ಹಿಟ್ಟಿನ ಕೊನೆಯದು. ತಾನು ಕೈ ಮಾಡಿದ ಮಾತು ಬಂದಾಗ, “ಅಷ್ಟ ಸಣ್ಣಾಕಿ ಕಂಡಿರಬೇಕು ನಾ ಮ್ಯಾಲಿಂದ,” ಎಂದಳು.

“ನೆರಳಿಂದು ಬರದದ್ದು ಛಲೋ ಆತು. ಆದ್ರ ಕಡೀಕ ಬರ್ರಿ ಅಂತ ಬರಿ.”

“ಬರಬ್ಯಾಡ್ರಿ ಅಂತ ಇಷ್ಟು ವಾದಾ ಮಾಡಿ, ಕಡೀಕ ಬರ್ರಿ ಅಂತ ಹೆಂಗ ಬರೀಲಿ ಚಿಗವ್ವಾ? ಯಾವ ಪಕ್ಷಾಂತ ಕೇಳೂದಿಲ್ಲೇನು ಮಂದಿ?”

ಆಕೆ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು. ಹಿತ್ತಲಾಚೆ ವಿಮಾನವೊಂದು ಏಳುವ ಸದ್ದು ಕೇಳಿತು. ಈಗ ಆಕೆ ತಲೆಯೆತ್ತಿ ನೋಡುವುದಿಲ್ಲ.

“ನಡಕೋತ ಬರ್ರಿ ಅಂತ ಬರಿ,” ಎಂದಳು.